ಸಂಚಾರ ದಂಡದ ನೋಟಿಸನ್ನು ಪ್ರಶ್ನಿಸುವುದು ಹೇಗೆ: ಹಣ ಕಟ್ಟುವ ಮುನ್ನ ತಿಳಿಯಬೇಕಾದ ಕಾನೂನು

ಮೊಬೈಲ್‌ಗೆ ಐನೂರು ರೂಪಾಯಿ ದಂಡದ ಸಂದೇಶ ಬಂದಾಗ, ತಪ್ಪು ತಮ್ಮದಲ್ಲವೆಂದು ಗೊತ್ತಿದ್ದರೂ ಅಲೆದಾಟ ಬೇಡವೆಂದು ಹಣ ಕಟ್ಟಿ ಸುಮ್ಮನಾಗುವವರೇ ಹೆಚ್ಚು. ಮೋಟಾರು ವಾಹನ ಕಾಯ್ದೆಗೆ 2019ರಲ್ಲಿ ತಂದ ತಿದ್ದುಪಡಿಯ ನಂತರ ಇದು ಅಷ್ಟು ಜಾಣತನದ ದಾರಿಯಲ್ಲ. ಪೊಲೀಸರಿಗೆ ಕಟ್ಟುವ ದಂಡವು ಕಾಯ್ದೆಯ 200ನೇ ಕಲಮಿನಡಿ ಮಾಡಿಕೊಳ್ಳುವ ಒಂದು ರಾಜಿ. ಅದರಿಂದ ಆ ಪ್ರಕರಣ ಅಲ್ಲಿಗೇ ಮುಗಿಯುತ್ತದೆ. ಆದರೆ ಅದೇ ಕಲಮಿಗೆ 2019ರಲ್ಲಿ ಸೇರಿಸಿದ ಷರತ್ತಿನ ಪ್ರಕಾರ, ಮುಂದೆ ಅದೇ ಬಗೆಯ ಅಪರಾಧ ದಾಖಲಾದರೆ ಹೀಗೆ ರಾಜಿಯಾದದ್ದನ್ನು ಮೊದಲನೆಯ ಅಪರಾಧವೆಂದೇ ಎಣಿಸಲಾಗುತ್ತದೆ ಮತ್ತು ಎರಡನೆಯದಕ್ಕೆ ಹೆಚ್ಚಿನ ದಂಡ ಬೀಳುತ್ತದೆ. ಹೀಗಾಗಿ ತಪ್ಪು ಮಾಡಿದ್ದರೆ ಕಟ್ಟಿಬಿಡುವುದೇ ಸರಿ. ಮಾಡಿರದಿದ್ದರೆ ಕಟ್ಟುವ ಮೊದಲೇ ಪ್ರಶ್ನಿಸಬೇಕು, ಏಕೆಂದರೆ ಕಟ್ಟಿದ ಮೇಲೆ ಪ್ರಶ್ನಿಸಲು ಹೆಚ್ಚೇನೂ ಉಳಿಯುವುದಿಲ್ಲ.

ಮೊದಲಿಗೆ ನೋಟಿಸ್ ನಿಜವಾದದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ವಾಟ್ಸ್‌ಆ್ಯಪ್‌ನಲ್ಲಿ ಎಪಿಕೆ ಕಡತ (ಫೋನಿನಲ್ಲಿ ಆ್ಯಪ್ ಅಳವಡಿಸುವ ಕಡತ) ಕಳುಹಿಸಿ ‘ಚಲನ್ ನೋಡಲು ಇದನ್ನು ತೆರೆಯಿರಿ’ ಎನ್ನುವ ಸಂದೇಶ ವಂಚಕರದ್ದು. ಸಂದೇಶದಲ್ಲಿರುವ ಕೊಂಡಿಯನ್ನು ಒತ್ತದೆ, ಪರಿವಾಹನ್ ಇ-ಚಲನ್ ಜಾಲತಾಣವನ್ನೋ ಪೊಲೀಸ್ ಇಲಾಖೆಯ ಜಾಲತಾಣವನ್ನೋ ನೀವೇ ತೆರೆದು, ವಾಹನದ ಸಂಖ್ಯೆ ನಮೂದಿಸಿ ನೋಡಿ. ಹಣ ಹೋಗಿದ್ದರೆ ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ.

ನೋಟಿಸ್ ನಿಜವಾಗಿದ್ದರೆ ಅದನ್ನು ಮೊತ್ತದಿಂದಲ್ಲ, ಛಾಯಾಚಿತ್ರದಿಂದ ಓದಲು ತೊಡಗಬೇಕು. ಬೆಂಗಳೂರಿನ ಐವತ್ತು ಜಂಕ್ಷನ್‌ಗಳಲ್ಲಿ 2022ರ ಡಿಸೆಂಬರ್‌ನಿಂದ ನಂಬರ್ ಪ್ಲೇಟನ್ನು ತಾನಾಗಿಯೇ ಓದುವ ಕ್ಯಾಮೆರಾಗಳು ಕೆಲಸ ಮಾಡುತ್ತಿವೆ. ಮಾಸಿದ, ಬಾಗಿದ ಅಥವಾ ಅಲಂಕಾರದ ಅಕ್ಷರಗಳ ಪ್ಲೇಟಿನಲ್ಲಿ ಮೂರು ಎಂಟಾಗುವುದು, ಎಂಟು ‘ಬಿ’ ಆಗುವುದು ಸಾಧ್ಯ. ಚಿತ್ರದಲ್ಲಿರುವ ವಾಹನದ ಬಣ್ಣ, ಮಾದರಿ, ಹಿಂದಿನ ದೀಪದ ಆಕಾರ, ಅಂಟಿಸಿದ ಸ್ಟಿಕ್ಕರ್, ಸವಾರರ ಸಂಖ್ಯೆ ಇವನ್ನೆಲ್ಲ ನಿಮ್ಮ ವಾಹನದೊಂದಿಗೆ ಹೋಲಿಸಿ. ಬಳಿಕ ದಿನಾಂಕ, ಗಂಟೆ, ಸ್ಥಳ ನೋಡಿ. ಆ ಹೊತ್ತಿಗೆ ವಾಹನ ಬೇರೆಡೆ ಇತ್ತೆಂಬುದಕ್ಕೆ ಸರ್ವಿಸ್ ಸೆಂಟರಿನ ಜಾಬ್ ಕಾರ್ಡ್, ಫಾಸ್ಟ್ಯಾಗ್ ದಾಖಲೆ, ಪೆಟ್ರೋಲ್ ಬಂಕಿನ ರಸೀದಿ, ಕಚೇರಿಯ ಪಾರ್ಕಿಂಗ್ ದಾಖಲೆ ಯಾವುದಿದ್ದರೂ ಎತ್ತಿಟ್ಟುಕೊಳ್ಳಿ. ಕೊನೆಗೆ, ಯಾವ ಕಲಮನ್ನು ಹೇಳಿದ್ದಾರೆಂದು ಗಮನಿಸಿ. ಕೆಂಪು ದೀಪ ದಾಟಿದ್ದನ್ನು ಸಂಚಾರ ಚಿಹ್ನೆಗಳಿಗೆ ಸಂಬಂಧಿಸಿದ 119ನೇ ಕಲಮಿನಡಿಯೂ ದಾಖಲಿಸಬಹುದು, ಅಪಾಯಕಾರಿ ಚಾಲನೆಯ 184ನೇ ಕಲಮಿನಡಿಯೂ ದಾಖಲಿಸಬಹುದು. ಮೊದಲನೆಯದರಲ್ಲಿ ಪರಿಣಾಮ ಹಗುರ, ಎರಡನೆಯದರಲ್ಲಿ ಜೈಲು ಶಿಕ್ಷೆಗೂ ಅವಕಾಶವಿದೆ.

ಕ್ಯಾಮೆರಾ ದಾಖಲಿಸಿತೆಂದ ಮಾತ್ರಕ್ಕೆ ಅಪರಾಧ ಸಾಬೀತಾದಂತಲ್ಲ. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರ ಆಗಸ್ಟ್‌ನಲ್ಲಿ ಸೇರಿಸಿದ 167ಎ ನಿಯಮವು ಇಂಥ ಸಾಧನಗಳ ಬಳಕೆಗೆ ಕಟ್ಟುಪಾಡುಗಳನ್ನು ವಿಧಿಸಿತು. ಸಾಧನಕ್ಕೆ ಅನುಮೋದನೆಯ ಪ್ರಮಾಣಪತ್ರ ಇರಬೇಕು. ಇಲ್ಲಿ ಕ್ಯಾಮೆರಾ ಕಣ್ಗಾವಲಿದೆ ಎಂಬ ಎಚ್ಚರಿಕೆ ಫಲಕವನ್ನು ಮುಂಚಿತವಾಗಿಯೇ ಹಾಕಿರಬೇಕು. ನೋಟಿಸ್‌ನ ಜೊತೆಗೆ ಉಲ್ಲಂಘನೆಯನ್ನೂ ನಂಬರ್ ಪ್ಲೇಟನ್ನೂ ತೋರುವ ಚಿತ್ರ, ಸಾಧನದ ಅಳತೆ, ದಿನಾಂಕ, ಸಮಯ, ಸ್ಥಳ ಮತ್ತು ಉಲ್ಲಂಘಿಸಿದ ಕಲಮಿನ ಉಲ್ಲೇಖ ಇರಬೇಕು. ಅಪರಾಧ ನಡೆದ ಹದಿನೈದು ದಿನಗಳೊಳಗೆ ನೋಟಿಸ್ ಕಳುಹಿಸಬೇಕು. ಪ್ರಕರಣ ಇತ್ಯರ್ಥವಾಗುವವರೆಗೆ ವಿದ್ಯುನ್ಮಾನ ದಾಖಲೆಯನ್ನು ಕಾಪಾಡಬೇಕು. ನ್ಯಾಯಾಲಯದಲ್ಲಿ ಈ ಚಿತ್ರ ಸಾಕ್ಷ್ಯವಾಗಿ ನಿಲ್ಲಬೇಕಾದರೆ ವಿದ್ಯುನ್ಮಾನ ಸಾಕ್ಷ್ಯದ ಪ್ರಮಾಣಪತ್ರವೂ ಬೇಕು. ಅದು ಹಿಂದೆ ಸಾಕ್ಷ್ಯ ಅಧಿನಿಯಮದ 65ಬಿ ಕಲಮಿನಲ್ಲಿತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನಲ್ಲಿದೆ. ಇವುಗಳಲ್ಲಿ ಒಂದು ಕೊರತೆ ಕಂಡ ಕೂಡಲೇ ಪ್ರಕರಣ ಬಿದ್ದುಹೋಗುತ್ತದೆಂದು ನಂಬುವುದು ಅತಿಯಾಸೆ. ಆದರೆ ವಾಸ್ತವಾಂಶದ ತಕರಾರಿಗೆ ಇವು ಗಟ್ಟಿಯಾದ ಬೆಂಬಲವಾಗುತ್ತವೆ.

ಅತಿವೇಗದ ಪ್ರಕರಣಗಳಲ್ಲಿ ಕಾಯ್ದೆಯೇ ಚಾಲಕನಿಗೆ ಎರಡು ರಕ್ಷಣೆಗಳನ್ನು ಕೊಟ್ಟಿದೆ. ಒಬ್ಬನೇ ಸಾಕ್ಷಿ ‘ಈತ ಮಿತಿ ಮೀರಿ ಓಡಿಸುತ್ತಿದ್ದನೆಂದು ನನ್ನ ಅಭಿಪ್ರಾಯ’ ಎಂದು ಹೇಳಿದರೆ, ಆ ಅಂದಾಜು ಯಾಂತ್ರಿಕ ಅಥವಾ ವಿದ್ಯುನ್ಮಾನ ಸಾಧನದಿಂದ ಬಂದದ್ದೆಂದು ತೋರಿಸದ ಹೊರತು, ಅದೊಂದರ ಆಧಾರದ ಮೇಲೆ ಶಿಕ್ಷೆ ವಿಧಿಸುವಂತಿಲ್ಲ ಎನ್ನುತ್ತದೆ 183ನೇ ಕಲಮು. ಎರಡನೆಯದು 209ನೇ ಕಲಮಿನಲ್ಲಿದೆ: ಅತಿವೇಗ ಮತ್ತು ಅಪಾಯಕಾರಿ ಚಾಲನೆಯ ಪ್ರಕರಣಗಳಲ್ಲಿ, ಮೊಕದ್ದಮೆ ಹೂಡುವ ಸಾಧ್ಯತೆಯಿದೆಯೆಂದು ಆ ಕ್ಷಣದಲ್ಲೇ ಚಾಲಕನಿಗೆ ಎಚ್ಚರಿಸಿರಬೇಕು, ಇಲ್ಲವೇ ಹದಿನಾಲ್ಕು ದಿನಗಳೊಳಗೆ ಚಾಲಕನಿಗೋ ಮಾಲೀಕನಿಗೋ ನೋಟಿಸ್ ಕೊಟ್ಟಿರಬೇಕು ಅಥವಾ ನೋಂದಾಯಿತ ಅಂಚೆಯಲ್ಲಿ ಕಳುಹಿಸಿರಬೇಕು, ಇಲ್ಲವೇ ಇಪ್ಪತ್ತೆಂಟು ದಿನಗಳೊಳಗೆ ಸಮನ್ಸ್ ಜಾರಿಯಾಗಿರಬೇಕು. ಸಾಕಷ್ಟು ಪ್ರಯತ್ನಿಸಿದರೂ ಹೆಸರು ವಿಳಾಸ ಸಿಗಲಿಲ್ಲವೆಂದು ನ್ಯಾಯಾಲಯಕ್ಕೆ ಮನವರಿಕೆಯಾದರೆ, ಅಥವಾ ಆರೋಪಿಯ ನಡವಳಿಕೆಯಿಂದಲೇ ತಡವಾಗಿದ್ದರೆ, ಈ ರಕ್ಷಣೆ ಸಿಗುವುದಿಲ್ಲ. ಆರ್‌ಸಿಯಲ್ಲಿ ಹಳೆಯ ವಿಳಾಸವನ್ನೇ ಉಳಿಸಿಕೊಂಡವರು ಇದನ್ನು ನೆನಪಿಡಬೇಕು. ಬೆಂಗಳೂರು–ಮೈಸೂರು ಹೆದ್ದಾರಿಯಲ್ಲಿ ಓಡಾಡುವವರಿಗೆ ಇನ್ನೊಂದು ಮಾತು: ಅಲ್ಲಿನ ಮಿತಿ ಗಂಟೆಗೆ 100 ಕಿ.ಮೀ.; 130 ಕಿ.ಮೀ. ಮೀರಿದವರ ಮೇಲೆ ಎಫ್‌ಐಆರ್ ದಾಖಲಿಸುವ ಕ್ರಮವನ್ನು ಕರ್ನಾಟಕ ಪೊಲೀಸರು 2024ರ ಆಗಸ್ಟ್‌ನಲ್ಲಿ ಆರಂಭಿಸಿದರು. ಅದು ದಂಡ ಕಟ್ಟಿ ಕೈತೊಳೆದುಕೊಳ್ಳುವ ಪ್ರಕರಣವಲ್ಲ. ಅದಕ್ಕೆ ವಕೀಲರನ್ನೇ ಕಾಣಬೇಕು.

ಗೊಂದಲ ಹೆಚ್ಚಾಗಿರುವ ಇನ್ನೂ ಕೆಲವು ಸಂಗತಿಗಳಿವೆ. ಡಿಜಿಲಾಕರ್ ಅಥವಾ ಎಂ-ಪರಿವಾಹನ್‌ನಲ್ಲಿ ತೋರಿಸುವ ಡಿಎಲ್, ಆರ್‌ಸಿ, ವಿಮೆಯ ದಾಖಲೆಗಳು 139ನೇ ನಿಯಮಕ್ಕೆ 2018ರಲ್ಲಾದ ತಿದ್ದುಪಡಿಯಿಂದ ಮೂಲ ದಾಖಲೆಗಳಿಗೆ ಸಮ. ಗ್ಯಾಲರಿಯಲ್ಲಿರುವ ಫೋಟೋ ಹಾಗಲ್ಲ. ಫೋನನ್ನು ದಾರಿ ತೋರಿಸುವ ನಕ್ಷೆಗಾಗಿ, ಗಮನ ಕದಲದಂತೆ ಬಳಸಲು ನಿಯಮಗಳಲ್ಲಿ ಅವಕಾಶವಿದೆ. ಕೈಯಲ್ಲಿ ಹಿಡಿದು ಮಾತನಾಡುವುದು 184ನೇ ಕಲಮಿನ ವ್ಯಾಪ್ತಿಗೆ ಬರುತ್ತದೆ. ಹೆಲ್ಮೆಟ್ ಕಡ್ಡಾಯವು ಹಿಂಬದಿ ಸವಾರರಿಗೂ ಅನ್ವಯಿಸುತ್ತದೆ, ಬರಿಯ ಟೊಪ್ಪಿಗೆಯಂಥ ಹೆಲ್ಮೆಟ್ ಲೆಕ್ಕಕ್ಕಿಲ್ಲ. ಕನ್ನಡ ಅಂಕಿಗಳ ನಂಬರ್ ಪ್ಲೇಟ್ ಅಭಿಮಾನದ ಸಂಗತಿಯಾದರೂ, ಇಂಗ್ಲಿಷ್ ಅಕ್ಷರ ಮತ್ತು ಅರೇಬಿಕ್ ಅಂಕಿಗಳನ್ನೇ ಬಳಸಬೇಕೆಂದು ಕೇಂದ್ರ ನಿಯಮ ಹೇಳುವುದರಿಂದ, ಅದಕ್ಕೆ ಬಿದ್ದ ದಂಡವನ್ನು ಪ್ರಶ್ನಿಸಿ ಗೆಲ್ಲುವುದು ಕಷ್ಟ.

ಮಾರಿದ ವಾಹನದ ಮೇಲಿನ ನೋಟಿಸ್ ಬರುವುದು ಮತ್ತೊಂದು ತಲೆನೋವು. ಆರ್‌ಸಿಯಲ್ಲಿ ಯಾರ ಹೆಸರಿದೆಯೋ ಅವರನ್ನೇ ಕಾನೂನು ಮಾಲೀಕರೆಂದು ನೋಡುತ್ತದೆ. 50ನೇ ಕಲಮಿನಂತೆ, ಅದೇ ರಾಜ್ಯದೊಳಗೆ ಮಾರಿದವರು ಹದಿನಾಲ್ಕು ದಿನಗಳೊಳಗೆ ಆರ್‌ಟಿಒ ಕಚೇರಿಗೆ ವರ್ಗಾವಣೆಯ ವರದಿ ಸಲ್ಲಿಸಬೇಕು. ಮಾಲೀಕತ್ವದ ವರ್ಗಾವಣೆಯನ್ನು ತಿಳಿಸುವ ಫಾರಂ 29ರ ಸ್ವೀಕೃತಿ ಮತ್ತು ವಾಹನ ಒಪ್ಪಿಸಿದ ದಿನದ ಪತ್ರ ಇದ್ದರೆ ಅವೇ ನಿಮ್ಮ ಬಲ. ಖಾಲಿ ಫಾರಂಗೆ ಸಹಿ ಹಾಕಿ ದಲ್ಲಾಳಿಯ ಕೈಗಿತ್ತು ಬಂದವರಿಗೆ ಆ ಬಲವಿರುವುದಿಲ್ಲ. ವಾಹನ ನಿಮ್ಮದೇ ಆಗಿದ್ದು ಬೇರೆಯವರು ಓಡಿಸುತ್ತಿದ್ದರೆ, ಪೊಲೀಸರು ಕೇಳಿದಾಗ ಚಾಲಕರ ಹೆಸರು, ವಿಳಾಸ ಕೊಡುವುದು 133ನೇ ಕಲಮಿನಡಿ ಮಾಲೀಕರ ಕರ್ತವ್ಯ. ನಿಮ್ಮ ಸಂಖ್ಯೆಯನ್ನೇ ಬೇರೊಂದು ವಾಹನಕ್ಕೆ ಹಾಕಿಕೊಂಡಿದ್ದಾರೆಂದು ಚಿತ್ರದಿಂದ ತಿಳಿದರೆ ಆ ಒಂದು ನೋಟಿಸ್ ರದ್ದಾದರೆ ಸಾಲದು, ಪೊಲೀಸ್ ಠಾಣೆಯಲ್ಲಿ ಪ್ರತ್ಯೇಕ ದೂರನ್ನೇ ಕೊಡಬೇಕು. ನಕಲಿ ಪ್ಲೇಟಿನ ವಾಹನ ನಾಳೆ ಅಪಘಾತ ಮಾಡಿದರೆ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ತಕರಾರನ್ನು ಮೊದಲು ಸಲ್ಲಿಸಬೇಕಾದದ್ದು ನೋಟಿಸ್ ಹೊರಡಿಸಿದ ಸಂಚಾರ ಪೊಲೀಸರಿಗೇ. ಇ-ಚಲನ್ ಜಾಲತಾಣದಲ್ಲಿ ದೂರು ಸಲ್ಲಿಸುವ ಭಾಗವಿದೆ, ಠಾಣೆಗೆ ಹೋಗಿ ಬರಹದಲ್ಲಿ ಕೊಟ್ಟು ಸ್ವೀಕೃತಿ ಪಡೆಯಬಹುದು. ನಂಬರ್ ತಪ್ಪಾಗಿ ಓದಿದಂಥ ದೋಷಗಳನ್ನು ಸರಿಪಡಿಸಿಕೊಳ್ಳಲು ಕೋರ್ಟಿನ ಮೆಟ್ಟಿಲು ಹತ್ತಬೇಕಾದ ಅಗತ್ಯವೇ ಬರಬಾರದು. ಅರ್ಜಿ ಚಿಕ್ಕದಾಗಿರಲಿ, ಅಧಿಕಾರಿಯ ಮೇಲಿನ ಸಿಟ್ಟು ಅದರಲ್ಲಿ ಬೇಡ. ಮಾದರಿಗೆ ಹೀಗೆ ಬರೆಯಬಹುದು:

‘ಮಾನ್ಯರೇ, ನನ್ನ ಹೆಸರಿನಲ್ಲಿ ನೋಂದಣಿಯಾಗಿರುವ ಮೇಲ್ಕಂಡ ಸಂಖ್ಯೆಯ ಸ್ಕೂಟರಿನ ಮೇಲೆ ಮೇಲ್ಕಂಡ ದಿನಾಂಕದ ನೋಟಿಸ್ ಜಾರಿಯಾಗಿದೆ. ನೋಟಿಸ್‌ನ ಚಿತ್ರದಲ್ಲಿರುವುದು ಕಪ್ಪು ಬಣ್ಣದ ಮೋಟಾರ್ ಸೈಕಲ್. ನನ್ನದು ಬಿಳಿ ಬಣ್ಣದ ಸ್ಕೂಟರ್. ಆರ್‌ಸಿ ಪ್ರತಿ ಮತ್ತು ವಾಹನದ ನಾಲ್ಕೂ ಬದಿಯ ಚಿತ್ರಗಳನ್ನು ಲಗತ್ತಿಸಿದ್ದೇನೆ. ಮೂಲ ಚಿತ್ರವನ್ನು ಮರುಪರಿಶೀಲಿಸಿ ನೋಟಿಸನ್ನು ರದ್ದುಪಡಿಸಿ, ಕೈಗೊಂಡ ಕ್ರಮವನ್ನು ಲಿಖಿತವಾಗಿ ತಿಳಿಸಬೇಕೆಂದು ಕೋರುತ್ತೇನೆ.’

ವಾಹನ ನಿಲ್ಲಿಸಬಾರದ ಜಾಗದ ಪ್ರಕರಣವಾದರೆ, ಫಲಕ ಮರದ ಕೊಂಬೆಯ ಹಿಂದೆ ಮರೆಯಾಗಿತ್ತು ಅಥವಾ ಇರಲೇ ಇಲ್ಲವೆಂಬುದನ್ನು ಅದೇ ದಿನ ಚಿತ್ರ ತೆಗೆದು ದಾಖಲಿಸಿ. ಹದಿನೈದು ದಿನ ಬಿಟ್ಟು ಹೋದರೆ ಕೊಂಬೆ ಕತ್ತರಿಸಿ ಹೊಸ ಫಲಕವನ್ನೇ ನೆಟ್ಟಿರಬಹುದು.

ರಸ್ತೆಯಲ್ಲಿ ಪೊಲೀಸರು ನಿಲ್ಲಿಸಿದಾಗ ವಾದಕ್ಕಿಳಿಯುವುದರಿಂದ ಪ್ರಯೋಜನವಿಲ್ಲ. ದಾಖಲೆ ತೋರಿಸಿ, ಯಾವ ಕಲಮಿನಡಿ ದಂಡವೆಂದು ಕೇಳಿ, ‘ನಾನು ಇಲ್ಲಿ ಕಟ್ಟುವುದಿಲ್ಲ, ನ್ಯಾಯಾಲಯದಲ್ಲಿ ಉತ್ತರಿಸುತ್ತೇನೆ’ ಎಂದು ಶಾಂತವಾಗಿ ಹೇಳುವ ಹಕ್ಕು ನಿಮಗಿದೆ. ಕಟ್ಟಿದರೆ ರಸೀದಿ ಇಲ್ಲದೆ ಕಟ್ಟಬೇಡಿ; ಡಿಎಲ್ ವಶಪಡಿಸಿಕೊಂಡರೆ 206ನೇ ಕಲಮಿನಂತೆ ಸ್ವೀಕೃತಿ ಕೊಡಲೇಬೇಕು. ಬೀಗದ ಕೈ ಕಿತ್ತುಕೊಳ್ಳುವುದು, ಓಡುತ್ತಿರುವ ಬೈಕಿಗೆ ಥಟ್ಟನೆ ಅಡ್ಡ ಬರುವುದು ಕೂಡದೆಂದು, 2025ರ ಮೇ ತಿಂಗಳಲ್ಲಿ ಮಂಡ್ಯದಲ್ಲಿ ತಪಾಸಣೆಯ ವೇಳೆ ಮಗುವೊಂದು ಸತ್ತ ನಂತರ, ರಾಜ್ಯದ ಪೊಲೀಸ್ ಮುಖ್ಯಸ್ಥರು ಸುತ್ತೋಲೆ ಹೊರಡಿಸಿದ್ದಾರೆ. ಕಾನೂನು ಜಾರಿ ಮಾಡುವ ಅಧಿಕಾರ ಹೊಂದಿದವರೇ ಕಾಯ್ದೆ ಮುರಿದರೆ ದಂಡ ಎರಡು ಪಟ್ಟು ಎಂದು 210ಬಿ ಕಲಮು ಹೇಳುತ್ತದೆ. ಆದರೆ ಅವರು ಹೆಲ್ಮೆಟ್ ಹಾಕಿರಲಿಲ್ಲವೆಂಬುದು ನಿಮ್ಮ ತಪ್ಪಿಗೆ ಸಮರ್ಥನೆಯಾಗುವುದಿಲ್ಲ.

ಪೊಲೀಸರು ಅರ್ಜಿಯನ್ನು ತಿರಸ್ಕರಿಸಿದರೆ ಉಳಿಯುವುದು ನ್ಯಾಯಾಲಯ. ಪ್ರಕರಣ ವರ್ಚುವಲ್ ಕೋರ್ಟಿಗೆ (ಆನ್‌ಲೈನ್‌ನಲ್ಲೇ ನಡೆಯುವ ನ್ಯಾಯಾಲಯಕ್ಕೆ) ಹೋಗಿದ್ದರೆ ಅದರ ಜಾಲತಾಣದಲ್ಲಿ ದಂಡ ಕಟ್ಟುವ ಆಯ್ಕೆಯ ಜೊತೆಗೆ ಪ್ರಕರಣ ಎದುರಿಸುವ ಆಯ್ಕೆಯೂ ಇರುತ್ತದೆ. ಎರಡನೆಯದನ್ನು ಆರಿಸಿದರೆ ಕಡತ ಸಾಮಾನ್ಯ ನ್ಯಾಯಾಲಯಕ್ಕೆ ವರ್ಗವಾಗುತ್ತದೆ. ಮ್ಯಾಜಿಸ್ಟ್ರೇಟರು ಆರೋಪದ ಸಾರಾಂಶವನ್ನು ಹೇಳಿ ಒಪ್ಪುತ್ತೀರಾ ಎಂದು ಕೇಳುತ್ತಾರೆ. ‘ಒಪ್ಪುವುದಿಲ್ಲ’ ಎಂದರೆ ಪ್ರಾಸಿಕ್ಯೂಷನ್ ಸಾಕ್ಷಿಗಳನ್ನು ಕರೆಸಬೇಕು, ನೀವು ಅಥವಾ ನಿಮ್ಮ ವಕೀಲರು ಪಾಟೀಸವಾಲು ಮಾಡಬಹುದು. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಆದಾಯ ಕಡಿಮೆ ಇರುವವರು ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರನ್ನು ಕೇಳಬಹುದು.

ಇಲ್ಲಿ ಒಂದು ಅಪಾಯವನ್ನು ತೂಗಿ ನೋಡಬೇಕು. ಹೊಸ ದಂಡಗಳು ಜಾರಿಯಾದ 2019ರ ಸೆಪ್ಟೆಂಬರ್‌ನಲ್ಲೇ ಕರ್ನಾಟಕ ಸರ್ಕಾರ ಕೆಲವನ್ನು ಇಳಿಸಿತು. ಹೆಲ್ಮೆಟ್ ಇಲ್ಲದ್ದಕ್ಕೆ ಸಾವಿರದ ಬದಲು ಐನೂರು ಬಂದದ್ದು ಹಾಗೆ. ಆದರೆ ಇಳಿದದ್ದು ಪೊಲೀಸರಿಗೆ ಕಟ್ಟುವ ರಾಜಿ ಮೊತ್ತ. ವಿಚಾರಣೆ ನಡೆದು ಸೋತರೆ ನ್ಯಾಯಾಲಯ ಕಾಯ್ದೆಯಲ್ಲಿರುವ ಪೂರ್ಣ ದಂಡವನ್ನೇ ವಿಧಿಸಬಹುದು. ಸಾಕ್ಷ್ಯವಿಲ್ಲದೆ, ಹಟಕ್ಕಾಗಿ ಹೋಗುವವರಿಗೆ ಇದು ನಷ್ಟದ ವ್ಯವಹಾರ. 2023ರ ಫೆಬ್ರುವರಿಯಿಂದ ಸರ್ಕಾರ ಆಗಾಗ ಕೊಟ್ಟಿರುವ ಶೇ 50ರ ರಿಯಾಯಿತಿಯಾಗಲಿ, ಲೋಕ ಅದಾಲತ್ತಾಗಲಿ ತಕರಾರಿಗೆ ಉತ್ತರವಲ್ಲ. ಎರಡರಲ್ಲೂ ಇತ್ಯರ್ಥವಾಗುವುದು ಮೊತ್ತ, ತಪ್ಪು ಯಾರದೆಂಬುದಲ್ಲ. ಕುಡಿದು ಓಡಿಸಿದ ಪ್ರಕರಣಕ್ಕಂತೂ ರಸ್ತೆಯಲ್ಲಿ ರಾಜಿಯೇ ಇಲ್ಲ: ನೂರು ಮಿಲಿಲೀಟರ್ ರಕ್ತದಲ್ಲಿ 30 ಮಿಲಿಗ್ರಾಂ ಮೀರಿ ಮದ್ಯವಿದ್ದರೆ ಮೊದಲ ಸಲಕ್ಕೆ ಆರು ತಿಂಗಳವರೆಗಿನ ಜೈಲು, ಹತ್ತು ಸಾವಿರ ರೂಪಾಯಿ ದಂಡ, ಅಥವಾ ಎರಡೂ.

ಹಳೆಯ ನೋಟಿಸ್‌ಗಳ ವಿಷಯದಲ್ಲಿ ಕಾಲಮಿತಿಯ ಮಾತು ಬರುತ್ತದೆ. ದಂಡ ಮಾತ್ರ ವಿಧಿಸಬಹುದಾದ ಅಪರಾಧವನ್ನು ಆರು ತಿಂಗಳ ನಂತರ, ಒಂದು ವರ್ಷದವರೆಗೆ ಜೈಲು ವಿಧಿಸಬಹುದಾದದ್ದನ್ನು ಒಂದು ವರ್ಷದ ನಂತರ ನ್ಯಾಯಾಲಯ ವಿಚಾರಣೆಗೆ ಎತ್ತಿಕೊಳ್ಳುವಂತಿಲ್ಲವೆಂದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 514ನೇ ಕಲಮು ಹೇಳುತ್ತದೆ. ಆದರೆ ಈ ಅವಧಿಯನ್ನು ಲೆಕ್ಕ ಹಾಕುವುದು ದೂರು ನ್ಯಾಯಾಲಯಕ್ಕೆ ಸಲ್ಲಿಕೆಯಾದ ದಿನದವರೆಗೆ, ವಿಳಂಬವನ್ನು ಮನ್ನಿಸುವ ಅಧಿಕಾರವೂ ನ್ಯಾಯಾಲಯಕ್ಕಿದೆ. ಅವಧಿ ಮುಗಿದ ಕೂಡಲೇ ಬಾಕಿ ತಾನಾಗಿ ಅಳಿಸಿಹೋಗುತ್ತದೆಂದು ಎಣಿಸಬೇಡಿ. ಜಾಲತಾಣದಲ್ಲಿ ಉಳಿದ ಬಾಕಿ ಆರ್‌ಸಿ ವರ್ಗಾವಣೆಯಂಥ ಕೆಲಸಕ್ಕೆ ಅಡ್ಡಿಯಾಗಬಹುದು. ಅದೇ ಕಾರಣಕ್ಕೆ, ನ್ಯಾಯಾಲಯದಲ್ಲಿ ಗೆದ್ದ ಮೇಲೂ ಆದೇಶದ ದೃಢೀಕೃತ ಪ್ರತಿ ಪಡೆದು ಠಾಣೆಗೂ ಆರ್‌ಟಿಒ ಕಚೇರಿಗೂ ಕೊಟ್ಟು ಸ್ವೀಕೃತಿ ತೆಗೆದುಕೊಳ್ಳಿ, ಕೆಲವು ದಿನ ಬಿಟ್ಟು ವಾಹನದ ಸಂಖ್ಯೆ ಹಾಕಿ ಬಾಕಿ ನಿಜಕ್ಕೂ ತೆರವಾಗಿದೆಯೇ ಎಂದು ನೋಡಿ.