ಶ್ರ.ಬೆ. 54 ಹುಡುಕಿದ ಮೂರು ದಿನ

ಎಂ.ಎ. ಇತಿಹಾಸದ ಕೊನೆಯ ಸೆಮಿಸ್ಟರಿನಲ್ಲಿ ನಾವೆಲ್ಲ ಒಂದು ಕಿರುಪ್ರಬಂಧ ಬರೆದುಕೊಡಬೇಕಿತ್ತು. ನಮ್ಮೂರು ಚನ್ನರಾಯಪಟ್ಟಣದ ಹತ್ತಿರ. ಶ್ರವಣಬೆಳಗೊಳ ಚಿಕ್ಕಂದಿನಿಂದ ಓಡಾಡಿದ ಜಾಗ. ಹಾಗಾಗಿ 'ಶ್ರವಣಬೆಳಗೊಳದ ಶಾಸನಗಳು: ಒಂದು ಅಧ್ಯಯನ' ಎಂದು ಬರೆದು ಗೈಡ್ ಮೇಡಂ ಮುಂದಿಟ್ಟೆ. ಅವರು ಓದಿ, "ಚೆನ್ನಾಗಿದೆ ಕಣಮ್ಮ. ಇದರಲ್ಲಿ ಪ್ರಶ್ನೆ ಎಲ್ಲಿದೆ?" ಎಂದರು.

ಪ್ರಶ್ನೆ ಇರಲಿಲ್ಲ. ನಮ್ಮ ನಾಡಿನ ಶಾಸನಗಳನ್ನು ಅಚ್ಚುಹಾಕಿದ ಗ್ರಂಥಮಾಲೆ ಎಪಿಗ್ರಾಫಿಯ ಕರ್ನಾಟಿಕ. ಶ್ರವಣಬೆಳಗೊಳದ ಶಾಸನಗಳಿರುವ ಅದರ ಎರಡನೇ ಸಂಪುಟದ 1973ರ ಆವೃತ್ತಿಯಲ್ಲಿ 573 ಶಾಸನಗಳಿವೆ. ನನಗಿದ್ದದ್ದು ಎರಡು ತಿಂಗಳು. ಅಷ್ಟನ್ನೂ ಓದಿ ಮುಗಿಸುವುದೇ ಆಗದ ಮಾತು, ಇನ್ನು ಅಧ್ಯಯನ ಮಾಡುವುದು ಯಾವಾಗ?

ಒಂದು ವಾರ ಏನೂ ಬರೆಯದೆ ಸುಮ್ನೆ ಆ ಸಂಪುಟ ತಿರುವಿದೆ. ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೇ ಶತಮಾನದ ಆಸುಪಾಸಿನ ನಿಸಿದಿ ಶಾಸನಗಳು, ಅಂದರೆ ವ್ರತ ಹಿಡಿದು ಪ್ರಾಣಬಿಟ್ಟ ಜೈನರ ನೆನಪಿನ ಬರಹಗಳು, ತುಂಬ ಇವೆ. ಬಹಳಷ್ಟು ತೀರಾ ಚಿಕ್ಕವು. ಇಂಥ ಮುನಿ, ಇಂಥ ಕಂತಿ (ಜೈನ ಸನ್ಯಾಸಿನಿ), ನೋಂತು ಮುಡಿಪಿದರು (ವ್ರತ ಹಿಡಿದು ತೀರಿಕೊಂಡರು), ಅಷ್ಟೇ. ನಂದಿಸೇನ ಮುನಿಯದು 'ಸುರಚಾಪಂಬೋಲೆ' ಎಂದು ಶುರುವಾಗುವ ಚೆಂದದ ಪದ್ಯ. ಅದೂ ಒಂದೇ ಪದ್ಯ. ಅದೇ ಬೆಟ್ಟದ ಪಾರ್ಶ್ವನಾಥ ಬಸದಿಯಲ್ಲಿ 1129ರ ಮಲ್ಲಿಷೇಣ ಪ್ರಶಸ್ತಿ, ಅಂದರೆ ಮಲ್ಲಿಷೇಣ ಮುನಿಯನ್ನು ಹೊಗಳುವ ಶಾಸನ, ಇದೆ. ಅದು ಕಂಬದ ನಾಲ್ಕು ಮುಖವನ್ನೂ ತುಂಬಿಕೊಂಡಿದೆ. ಮುಡಿಪಿದವರು ಒಬ್ಬರೇ. ಆದರೆ ಸಮಂತಭದ್ರ, ಅಕಲಂಕ ಅಂತ ಹಳೆಯ ಆಚಾರ್ಯರ ದೊಡ್ಡ ಸಾಲೇ ಮೊದಲು ಬರುತ್ತದೆ. ಒಬ್ಬರ ಸಾವನ್ನು ಹೇಳಲು ಇಷ್ಟೊಂದು ಹೆಸರು ಯಾಕೆ ಬೇಕಾಯಿತು? ಈ 'ಯಾಕೆ' ಹೊಳೆದ ದಿನವೇ ಹಳೆಯ ಶೀರ್ಷಿಕೆ ಹೊಡೆದುಹಾಕಿದೆ. ಮೇಡಂ ಈ ಸಲ ತಲೆಯಾಡಿಸಿದರು.

ಆಮೇಲೆ ಒಂದೇ ಹಾಳೆಯಲ್ಲಿ ಯೋಜನೆ ಬರೆದುಕೊಂಡೆ. ಮೇಲೆ ಪ್ರಶ್ನೆ. ಕೆಳಗೆ, ಅದಕ್ಕೆ ಉತ್ತರ ಹೇಳಲು ನನಗೆ ಏನೇನು ಗೊತ್ತಾಗಬೇಕು, ಅದು ಯಾವ ಪುಸ್ತಕದಲ್ಲಿ ಸಿಗಬಹುದು. ಓದಲು ನಾಲ್ಕು ವಾರ, ಬರೆಯಲು ಎರಡು, ತಿದ್ದಲು ಒಂದು. ಮೊದಲ ವಾರ ಹೇಗೂ ಮುಗಿದುಹೋಗಿತ್ತು. ಆ ಹಾಳೆಯನ್ನು ಹಾಸ್ಟೆಲ್ ಗೋಡೆಗೆ ಅಂಟಿಸಿದ್ದೆ. ಯಾವ ಪುಸ್ತಕ ಕೈಗೆತ್ತಿಕೊಂಡರೂ ಮೊದಲು ಅದನ್ನು ನೋಡುತ್ತಿದ್ದೆ. ಹಾಳೆಯ ಮೇಲಿಲ್ಲದ ವಿಷಯ ಎಷ್ಟೇ ಆಸೆ ಹುಟ್ಟಿಸಿದರೂ ಪಕ್ಕಕ್ಕಿಟ್ಟೆ.

ಇಷ್ಟಾದರೂ ಒಂದು ಕಡೆ ಎಡವಿದೆ. ಯಾವುದೋ ಲೇಖನದಲ್ಲಿ ಮಲ್ಲಿಷೇಣ ಪ್ರಶಸ್ತಿಗೆ 'ಶ್ರ.ಬೆ. 54', ಅಂದರೆ ಶ್ರವಣಬೆಳಗೊಳದ 54ನೇ ಶಾಸನ, ಎಂದು ಕೊಟ್ಟಿದ್ದರು. ಅಷ್ಟನ್ನೇ ನೋಟ್‌ಬುಕ್ಕಿಗೆ ಇಳಿಸಿಕೊಂಡೆ. ಲೇಖನದ ಹೆಸರೂ ಬರೆದುಕೊಳ್ಳಲಿಲ್ಲ. ಬರೆಯಲು ಕೂತಾಗ ಮೂಲ ಪಾಠ ಬೇಕಾಯಿತು. 1973ರ ಆವೃತ್ತಿಯಲ್ಲಿ 54 ತೆರೆದರೆ ಬೇರೆಯದೇ ಶಾಸನ. ಮುದ್ರಣದೋಷ ಇರಬಹುದು ಅಂತ 45 ನೋಡಿದೆ, 64 ನೋಡಿದೆ. ಎರಡು ದಿನ ಹಾಗೇ ಹೋಯಿತು. ಮೂರನೇ ದಿನ ಗ್ರಂಥಾಲಯದ ಹಿರಿಯ ಸಹಾಯಕರೊಬ್ಬರು ಹಿಂದಿನ ರ‍್ಯಾಕಿನಿಂದ 1923ರ ಸಂಪುಟ ತಂದುಕೊಟ್ಟು, "ಇದರಲ್ಲಿ ನೋಡಿ ಮೇಡಂ" ಎಂದರು. ಅದರಲ್ಲಿ ಪ್ರಶಸ್ತಿ ಇದ್ದದ್ದು 67ನೇ ಸಂಖ್ಯೆಯಲ್ಲಿ. ಪಕ್ಕದಲ್ಲಿ ಆವರಣದೊಳಗೆ 54.

ಆಗ ವಿಷಯ ಅರ್ಥವಾಯಿತು. ಬಿ. ಎಲ್. ರೈಸ್ 1889ರಲ್ಲಿ ಈ ಸಂಪುಟ ತಂದಾಗ ಅದರಲ್ಲಿ ಇದ್ದದ್ದು 144 ಶಾಸನ. ಆರ್. ನರಸಿಂಹಾಚಾರ್ 1923ರಲ್ಲಿ ಅದನ್ನು 500ಕ್ಕೆ ಏರಿಸಿದರು. ಸಂಖ್ಯೆಗಳು ಬದಲಾದವು. ರೈಸ್ ಕೊಟ್ಟಿದ್ದ ಸಂಖ್ಯೆಯನ್ನು ಆವರಣದಲ್ಲಿ ಉಳಿಸಿಕೊಂಡರು. 1973ರಲ್ಲಿ ಇನ್ನಷ್ಟು ಶಾಸನ ಸೇರಿದವು. ಆವೃತ್ತಿ ಹೇಳದೆ 'ಶ್ರ.ಬೆ. 54' ಎಂದರೆ, ಬೀದಿ ಹೆಸರು ಹೇಳದೆ ಮನೆ ನಂಬರ್ ಕೊಟ್ಟ ಹಾಗೆ, ಅಲ್ವಾ?

ಅವತ್ತೇ ಚೀಟಿ ಪದ್ಧತಿ ಶುರುಮಾಡಿದೆ. ಎ4 ಹಾಳೆಯನ್ನು ನಾಲ್ಕು ಭಾಗ ಮಾಡಿದರೆ ನಾಲ್ಕು ಚೀಟಿ. ಒಂದು ಚೀಟಿಗೆ ಒಂದೇ ವಿಷಯ. ಮೇಲುಗಡೆ ಲೇಖಕರು, ಪುಸ್ತಕ, ಪ್ರಕಾಶಕರು, ಆವೃತ್ತಿ, ವರ್ಷ, ಪುಟ. ಇವನ್ನು ಬರೆಯದೆ ಒಳಗಿನ ಒಂದು ಸಾಲೂ ಬರೆಯಬಾರದು ಅಂತ ನಿಯಮ ಹಾಕಿಕೊಂಡೆ. ಪುಸ್ತಕದ ಮಾತನ್ನು ಇದ್ದ ಹಾಗೇ ತೆಗೆದುಕೊಂಡರೆ ನೀಲಿ ಶಾಯಿ, ಜೊತೆಗೆ ಉದ್ಧರಣ ಚಿಹ್ನೆ. ಸಾರಾಂಶಕ್ಕೆ ಕಪ್ಪು. ನನಗೆ ಹೊಳೆದದ್ದಕ್ಕೆ ಕೆಂಪು.

ಬಣ್ಣ ಯಾಕೆ ಅಂತ ಗೆಳತಿಯರು ಕೇಳುತ್ತಿದ್ದರು. ಹಳೆಯ ನೋಟ್‌ಬುಕ್ಕಿನಲ್ಲಿ ಒಂದು ಒಳ್ಳೆಯ ವಾಕ್ಯ ಇತ್ತು. ನನ್ನದೇ ಅಂದುಕೊಂಡು ಕರಡಿಗೆ ಸೇರಿಸಿದ್ದೆ. ಹತ್ತು ದಿನದ ಮೇಲೆ ಅದೇ ವಾಕ್ಯ ಒಂದು ಪುಸ್ತಕದಲ್ಲಿ ಕಣ್ಣಿಗೆ ಬಿತ್ತು. ಕೈಕಾಲು ತಣ್ಣಗಾದವು. ಬೇಕೆಂದು ಕದ್ದದ್ದಲ್ಲ, ನಿಜ. ಆದರೆ ಓದುವವರಿಗೆ ಅದು ಹೇಗೆ ಗೊತ್ತಾಗಬೇಕು? ಕೃತಿಚೌರ್ಯದ ಬಗ್ಗೆ ಯುಜಿಸಿಯ 2018ರ ನಿಯಮದಲ್ಲಿ ಶೇ. 10ರವರೆಗಿನ ಹೋಲಿಕೆಗೆ ದಂಡವಿಲ್ಲ ಎಂಬ ಲೆಕ್ಕವನ್ನು ಎಲ್ಲರೂ ಮಾತಾಡುತ್ತಾರೆ. ಒಂದು ವಾಕ್ಯ ಆ ಲೆಕ್ಕಕ್ಕೆ ಬರುವುದೇ ಇಲ್ಲ. ಆದರೂ ಅದು ಇನ್ನೊಬ್ಬರ ವಾಕ್ಯವೇ.

ಇನ್ನೊಬ್ಬರ ಅಡಿಟಿಪ್ಪಣಿಯನ್ನು ಎತ್ತಿಕೊಳ್ಳುವುದೂ ಇದೇ ಜಾತಿಯದು. ಎಂ. ಚಿದಾನಂದಮೂರ್ತಿಯವರ 'ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ' ಓದಿ, ಅವರು ಕೊಟ್ಟ ಶಾಸನ ಸಂಖ್ಯೆಯನ್ನಷ್ಟೇ ನನ್ನ ಅಡಿಟಿಪ್ಪಣಿಗೆ ಹಾಕಿದರೆ, ಮೂಲವನ್ನು ನಾನೇ ನೋಡಿದೆ ಎಂದು ಸುಳ್ಳು ಹೇಳಿದಂತೆ. ಮೂಲ ತೆರೆದು ನೋಡಿದ್ದರೆ ಮೂಲವನ್ನು ಕೊಟ್ಟೆ. ನೋಡಲು ಆಗದಿದ್ದಾಗ 'ಇಂಥ ಪುಸ್ತಕದಲ್ಲಿ ಉದ್ಧೃತ, ಪು. ಇಷ್ಟು' ಎಂದು ಬರೆದೆ. ಅದರಲ್ಲಿ ನಾಚಿಕೆ ಏನಿಲ್ಲ.

ಸ್ಕ್ಯಾನ್ ಪ್ರತಿ ಓದುವಾಗ ಪಿಡಿಎಫ್ ತೋರಿಸುವ ಪುಟ ಬೇರೆ, ಹಾಳೆಯ ಮೇಲೆ ಅಚ್ಚಾದ ಪುಟ ಬೇರೆ. ನಾನು ಕೊಟ್ಟದ್ದು ಅಚ್ಚಾದದ್ದನ್ನು.

ಗ್ರಂಥಋಣಕ್ಕೆ, ಅಂದರೆ ಕೊನೆಯ ಪುಸ್ತಕಪಟ್ಟಿಗೆ, ಜೊಟೆರೊ ಎಂಬ ಸಾಫ್ಟ್‌ವೇರ್ ಬಳಸಿದೆ. ಅದು ಕೇಳುವುದು ಮೊದಲ ಹೆಸರು, ಕೊನೆಯ ಹೆಸರು. ನಮ್ಮ ಲೇಖಕರಿಗೆ ಇನಿಷಿಯಲ್ ಮತ್ತು ಹೆಸರು, ಅಷ್ಟೇ. ಚಿದಾನಂದಮೂರ್ತಿ ಅವರನ್ನು 'ಮೂರ್ತಿ' ಮಾಡಿ ಮಕಾರಕ್ಕೆ ಕಳಿಸಿದರೆ ಕನ್ನಡ ಓದುಗರು ಹುಡುಕುವುದು ಹೇಗೆ? ಹೆಸರನ್ನು ಒಂದೇ ಖಾನೆಯಲ್ಲಿ ತುಂಬುವ ಆಯ್ಕೆ ಅದರಲ್ಲೇ ಇದೆ. 'ಚಿದಾನಂದಮೂರ್ತಿ ಎಂ.' ಎಂದು ತುಂಬಿದೆ. ಪಟ್ಟಿ ಪೂರ್ತಿ ಇದೇ ಕ್ರಮ ಇಟ್ಟೆ.

ಚೀಟಿಗಳನ್ನು ಮಂಚದ ಮೇಲೆ ಹರಡಿ, ಜೋಡಿಸಿ, ಮತ್ತೆ ಕಲೆಸಿ ಜೋಡಿಸಿದಾಗ ಅಧ್ಯಾಯಗಳು ತಾವೇ ಬಂದವು. ಕೆಂಪು ಶಾಯಿ ಕಮ್ಮಿ ಇದ್ದ ಕಡೆ ನಾನು ಯೋಚಿಸಿದ್ದು ಕಮ್ಮಿ ಅಂತ ತಿಳಿಯುತ್ತಿತ್ತು. ಅಲ್ಲಿಗೆ ಇನ್ನೊಂದು ದಿನ ಕೊಟ್ಟೆ. ಪೀಠಿಕೆ ಬರೆದದ್ದು ಕೊನೆಗೆ.

ಪ್ರಬಂಧದ ಒಂದು ಪ್ರತಿ ವಿಭಾಗದ ಬೀರುವಿನಲ್ಲಿದೆ. ಹೋದ ವರ್ಷ ಜೂನಿಯರ್ ಹುಡುಗಿಯೊಬ್ಬಳು ಫೋನ್ ಮಾಡಿದ್ದಳು. "ಅಕ್ಕಾ, ನಿಮ್ಮ 31ನೇ ಅಡಿಟಿಪ್ಪಣಿಯಲ್ಲಿ ಪುಟಸಂಖ್ಯೆ ಹಿಂದುಮುಂದಾಗಿದೆ ಅನ್ಸುತ್ತೆ. ಪುಸ್ತಕ ತೆಗೆದು ನೋಡಿದೆ." ಚೀಟಿ ತೆಗೆದೆ. ಚೀಟಿಯಲ್ಲಿ ಸರಿಯಾಗಿಯೇ ಇತ್ತು, ಟೈಪ್ ಮಾಡುವಾಗ ತಪ್ಪಿದ್ದೆ. ಪೆನ್ಸಿಲಿನಲ್ಲಿ ತಿದ್ದಿಬಿಡು ಎಂದೆ. ಅವಳು ಆ ಪುಸ್ತಕ ತೆರೆದು ನೋಡಿದ್ದಳಲ್ಲ, ಅವತ್ತಿಡೀ ನನಗೆ ಅದೇ ಖುಷಿ.