ಹಿತ್ತಲ ಹಕ್ಕಿ ಹಾಳೆಗೆ ಇಳಿಯಬೇಕಾದರೆ

ಹೊಸದಾಗಿ ಚಿತ್ರ ಕಲಿಯುವವರ ಪುಸ್ತಕ ತಿರುವಿ ನೋಡಿ. ಒಂದು ಪುಟದಲ್ಲಿ ಮಕಾವ್ ಗಿಳಿ, ಇನ್ನೊಂದರಲ್ಲಿ ಹಿಮದ ಬೆಟ್ಟ ಮತ್ತು ಪೈನ್ ಮರ ಇದ್ದೇ ಇರುತ್ತವೆ. ಎರಡೂ ಮೊಬೈಲ್ ನೋಡಿ ಬರೆದವು. ಅಷ್ಟು ಹೊತ್ತೂ ಅವರ ಕಾಂಪೌಂಡಿನ ಮೇಲೆ ಪಿಕಳಾರ ಕೂತು ಕೂಗುತ್ತಲೇ ಇರುತ್ತದೆ! 'ಏನು ಬರೆಯಬೇಕು ಅಂತಲೇ ಹೊಳೆಯುತ್ತಿಲ್ಲ' ಅನ್ನುವವರು ಬೆಳಿಗ್ಗೆ ಆರೂವರೆಗೆ ಹಿತ್ತಲಲ್ಲೋ ಬಾಲ್ಕನಿಯಲ್ಲೋ ಒಂದು ಕುರ್ಚಿ ಹಾಕಿಕೊಂಡು ಕೂರಲಿ. ಮುಂದಿನದು ಹೀಗೆ.

ಸಾಮಾನು

2ಬಿ ಪೆನ್ಸಿಲ್, ಅಗ್ಗದ ಹಾಳೆಯ ದಪ್ಪ ನೋಟ್‌ಬುಕ್, ಜಲವರ್ಣದ ಒಂದು ಸಣ್ಣ ಪೆಟ್ಟಿಗೆ, ತುದಿ ಚೂಪಾಗಿ ನಿಲ್ಲುವ ಎಂಟನೇ ನಂಬರಿನ ಒಂದು ದುಂಡು ಕುಂಚ. ಹನ್ನೆರಡು ಕುಂಚದ ಅಗ್ಗದ ಸೆಟ್ ಮಾತ್ರ ಬೇಡ. ಎರಡೇ ವಾರದಲ್ಲಿ ಕೂದಲು ಉದುರಿ ಬಣ್ಣದಲ್ಲಿ ಅಂಟಿಕೊಳ್ಳುತ್ತದೆ. ಕೊನೆಯ ಚಿತ್ರಕ್ಕೆ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ದಪ್ಪ ಹಾಳೆಯೇ ಆಗಬೇಕು. ತೆಳು ಡ್ರಾಯಿಂಗ್ ಶೀಟಿಗೆ ನೀರು ಬಿದ್ದರೆ ಅಲೆಅಲೆಯಾಗಿ ಮೇಲೆದ್ದುಬಿಡುತ್ತದೆ.

ಹಕ್ಕಿಯನ್ನು ಕರೆಯಿರಿ

ಅಗಲ ಬಾಯಿಯ ಮಣ್ಣಿನ ತಟ್ಟೆಯಲ್ಲಿ ಒಂದೆರಡು ಇಂಚು ನೀರು ಹಾಕಿ, ನಡುವೆ ಒಂದು ಕಲ್ಲಿಡಿ. ದಿನಾ ನೀರು ಬದಲಿಸಿ, ಇಲ್ಲದಿದ್ದರೆ ಹಕ್ಕಿಗಿಂತ ಮೊದಲು ಸೊಳ್ಳೆ ಬರುತ್ತದೆ. ಕುಂಡದಲ್ಲಿ ದಾಸವಾಳ ಇದ್ದರೆ ಸೂರಕ್ಕಿ (ಸನ್‌ಬರ್ಡ್) ತಾನಾಗಿಯೇ ಬರುತ್ತದೆ. ಪೇಟೆಯಲ್ಲಿ ಕಾಳು ಚೆಲ್ಲುವ ಕೆಲಸ ಬೇಡ. ಪಾರಿವಾಳ ಬಿಟ್ಟು ಬೇರೇನೂ ಉಳಿಯುವುದಿಲ್ಲ.

ನಿಲುವು ಹಿಡಿಯಿರಿ: ಎಲ್ಲರೂ ಎಡವುವುದು ಇಲ್ಲೇ

ಹೆಚ್ಚಿನವರು ಕಣ್ಣಿನಿಂದ ಶುರು ಮಾಡುತ್ತಾರೆ. ಆಮೇಲೆ ಕೊಕ್ಕು, ಆಮೇಲೆ ಒಂದೊಂದೇ ಗರಿ. ಅರ್ಧ ಗಂಟೆಯ ಬಳಿಕ ನೋಡಿದರೆ ಗರಿ ಚೆನ್ನಾಗಿದೆ, ಹಕ್ಕಿ ಮಾತ್ರ ಸತ್ತಂತಿದೆ. ಕಣ್ಣು, ಗರಿ ಎಲ್ಲ ಕೊನೆಗೆ. ಮೊದಲು ಬೇಕಾದ್ದು ನಿಲುವು. ಅದಕ್ಕೆ ನಿಮಗೆ ಸಿಗುವುದು ನಾಲ್ಕೈದು ಸೆಕೆಂಡು.

ಆ ನಾಲ್ಕೈದು ಸೆಕೆಂಡಿನಲ್ಲಿ ಒಂದೇ ಗೆರೆ ಎಳೆಯಿರಿ, ತಲೆಯಿಂದ ಬಾಲದ ತುದಿವರೆಗೆ. ಆ ಗೆರೆ ಎಷ್ಟು ವಾಲಿದೆ ಅನ್ನುವುದರಲ್ಲೇ ಅರ್ಧ ಹಕ್ಕಿ ಬಂದುಬಿಡುತ್ತದೆ. ಕೆಮ್ಮೀಸೆ ಪಿಕಳಾರ ಜುಟ್ಟು ನಿಗುರಿಸಿಕೊಂಡು ನೆಟ್ಟಗೆ ಕೂರುತ್ತದೆ. ಮಡಿವಾಳ ಹಕ್ಕಿ (ಮ್ಯಾಗ್‌ಪೈ ರಾಬಿನ್) ಬಾಲವನ್ನು ಮೇಲಕ್ಕೆತ್ತುತ್ತದೆ, ಹಾಗಾಗಿ ಅದರ ಗೆರೆ ಬೆನ್ನಿನ ಹತ್ತಿರ ಮುರಿಯುತ್ತದೆ. ಗೊರವಂಕ ಕುಪ್ಪಳಿಸುವುದು ಕಡಿಮೆ, ಹೆಜ್ಜೆ ಹಾಕಿ ನಡೆಯುತ್ತದೆ. ಸೂರಕ್ಕಿ ದಾಸವಾಳದ ಎದುರಿಗೆ ಬರುವುದೇ ಅಪರೂಪ, ತೊಟ್ಟಿಗೆ ಅಡ್ಡಲಾಗಿ ಜೋತುಬಿದ್ದು ಹೂವಿನ ಬುಡಕ್ಕೇ ತೂತು ಕೊರೆದು ಮಕರಂದ ಹೀರುತ್ತದೆ. ಹೂವಿನ ಮುಂದೆ ರೆಕ್ಕೆ ಬಡಿಯುತ್ತಾ ಗಾಳಿಯಲ್ಲಿ ನಿಂತ ಸೂರಕ್ಕಿಯ ಚಿತ್ರ ಕಂಡರೆ, ಬರೆದವರು ಅಮೆರಿಕದ ಹಮ್ಮಿಂಗ್‌ಬರ್ಡ್ ಫೋಟೋ ನೋಡಿರಬಹುದು ಅಂತ ತಿಳಿಯಿರಿ.

ಗೆರೆ ಆದ ಮೇಲೆ ಅದರ ಮೇಲೊಂದು ಮೊಟ್ಟೆ: ಅದು ಮೈ. ಮೇಲೆ ಸಣ್ಣ ಸೊನ್ನೆ: ಅದು ತಲೆ. ಎರಡರ ನಡುವೆ ಉದ್ದ ಕತ್ತು ಬೇಡ. ತೋಟದ ಸಣ್ಣ ಹಕ್ಕಿಗಳ ಕತ್ತು ಗರಿಯೊಳಗೆ ಮುಚ್ಚಿಹೋಗಿರುತ್ತದೆ.

ಅಷ್ಟರಲ್ಲಿ ಹಕ್ಕಿ ತಿರುಗುತ್ತದೆ, ಅಥವಾ ಹಾರಿಹೋಗುತ್ತದೆ. ಅಲ್ಲೇ ನಿಲ್ಲಿಸಿ. ನೆನಪಿನಿಂದ ಮುಗಿಸಲು ಹೋಗಬೇಡಿ, ರಬ್ಬರ್ ಅಂತೂ ಮುಟ್ಟಲೇಬೇಡಿ. ಪಕ್ಕದಲ್ಲಿ ಹೊಸ ಗೆರೆ ಹಾಕಿ ಇನ್ನೊಂದು ಶುರು ಮಾಡಿ. ಹಕ್ಕಿಗಳಿಗೂ ರೂಢಿ ಅಂತ ಒಂದಿರುತ್ತದೆ. ಅದೇ ಕೊಂಬೆಗೆ ಬಂದು ಅದೇ ಭಂಗಿಯಲ್ಲಿ ಮತ್ತೆ ಕೂರುತ್ತವೆ. ಆಗ ಮೊದಲನೆಯದಕ್ಕೆ ವಾಪಸು ಬಂದು ರೆಕ್ಕೆಯ ಅಂಚು ಸೇರಿಸಿ. ಒಂದು ಪುಟದ ತುಂಬ ಆರೇಳು ಅರೆಬರೆ ಹಕ್ಕಿಗಳಾದರೆ ಆ ಬೆಳಿಗ್ಗೆ ಚೆನ್ನಾಗಿ ಹೋಯಿತು ಅಂತಲೇ ಲೆಕ್ಕ.

ಇನ್ನು ಕಾಲು. ಕಾಲನ್ನು ಬಾಲದ ಬುಡಕ್ಕೆ ಸಿಕ್ಕಿಸಿದರೆ ಹಕ್ಕಿ ಮುಂದಕ್ಕೆ ಮುಗ್ಗರಿಸುತ್ತದೆ. ಪಾದದಿಂದ ನೇರ ಮೇಲಕ್ಕೆ ಪೆನ್ಸಿಲ್ ಹಿಡಿದು ನೋಡಿ. ಆ ಗೆರೆ ಮೈಯ ಭಾರದ ನಡುವೆ ಹಾದುಹೋಗಬೇಕು. ಹಿಂದಕ್ಕೆ ಮಡಿಚಿದ ಮೊಣಕಾಲಿನಂತೆ ಕಾಣುವುದು ನಿಜಕ್ಕೂ ಅದರ ಹರಡು. ಮೊಣಕಾಲು ಹೊಟ್ಟೆಯ ಗರಿಯೊಳಗೆ ಅಡಗಿದೆ. ಇದನ್ನೊಂದು ತಿಳಿದುಕೊಂಡರೆ ಕಾಲಿನ ಅರ್ಧ ತಪ್ಪು ತಪ್ಪಿದಂತೆ. ಕೊಂಬೆ ಹಿಡಿಯುವ ಸಣ್ಣ ಹಕ್ಕಿಗಳಿಗೆ ಮೂರು ಬೆರಳು ಮುಂದೆ, ಒಂದು ಹಿಂದೆ. ಕೊನೆಗೆ ಕಣ್ಣು: ಕೊಕ್ಕಿನ ಬಾಯಿಗೆರೆಯನ್ನು ಹಿಂದಕ್ಕೆ ಎಳೆದರೆ ಅದಕ್ಕಿಂತ ತುಸು ಮೇಲೆ ಬರುತ್ತದೆ. ನೀವು ಅಂದುಕೊಂಡದ್ದಕ್ಕಿಂತ ಚಿಕ್ಕದೇ ಇರಲಿ.

ಫೋಟೋ ತೆಗೆಯಲೇಬಾರದಾ? ತೆಗೆಯಿರಿ, ಆದರೆ ಈ ಗೆರೆಗಳೆಲ್ಲ ಆದ ಮೇಲೆ, ಬೆರಳು ಮತ್ತು ಕೊಕ್ಕು ಸರಿಯಿದೆಯಾ ಅಂತ ನೋಡಲಿಕ್ಕೆ. ಫೋಟೋ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ತಿದ್ದುವ ದಾರಿಯೂ ಇದೆ. ಚಿತ್ರ ಬೇಗ ಮುಗಿಯುತ್ತದೆ, ಕೈಗೆ ಏನೂ ಬರುವುದಿಲ್ಲ.

ಬಣ್ಣವನ್ನು ಮಾತಿನಲ್ಲಿ ಬರೆದಿಡಿ

'ಕಣ್ಣಿನ ಹಿಂದೆ ಕೆಂಪು ಚುಕ್ಕೆ, ಅದರ ಕೆಳಗೆ ಬಿಳಿ ಕೆನ್ನೆ, ಬಾಲದಡಿ ಮತ್ತೆ ಕೆಂಪು.' ಪಿಕಳಾರಕ್ಕೆ ಇಷ್ಟು ಸಾಕು. ದಿನಾಂಕ, ಗಂಟೆ ಸೇರಿಸಿ.

ಕಾಲಕ್ಕೆ ಒಂದೇ ಮರ

ಹಕ್ಕಿಯ ಹಿಂದೆ ಏನು ಬರೆಯುವುದು ಅನ್ನುವುದು ಮುಂದಿನ ತೊಡಕು. ಎರಡು ಗುಡ್ಡ, ನಡುವೆ ಸೂರ್ಯ, ಕೆಳಗೊಂದು ನದಿ ಬೇಡವೇ ಬೇಡ. ಬೀದಿಯ ಒಂದು ಮರ ಆರಿಸಿಕೊಂಡು ವರ್ಷವಿಡೀ ಅದನ್ನೇ ಬರೆಯಿರಿ. ನನ್ನ ಆಯ್ಕೆ ಹೊಂಗೆ. ಚಳಿ ಮುಗಿಯುವಾಗ ಎಲೆ ಉದುರುತ್ತದೆ. ಯುಗಾದಿ ಹೊತ್ತಿಗೆ ಎಣ್ಣೆ ಸವರಿದಂತೆ ಮಿನುಗುವ ಎಳೆ ಹಸಿರು. ಬೇಸಿಗೆಯಲ್ಲಿ ತಿಳಿ ನೇರಳೆ ಹೂ ರಸ್ತೆಯ ಮೇಲೆಲ್ಲ ಉದುರುತ್ತದೆ. ಮಳೆಗಾಲದಲ್ಲಿ ಕಡು ಹಸಿರು. ಬೆಂಗಳೂರಿನವರಾದರೆ ತಬೆಬುಯಾ, ಜಕರಾಂಡ, ಗುಲ್‌ಮೊಹರ್ ಒಂದರ ಹಿಂದೊಂದು ಹೂ ಬಿಡುತ್ತವೆ. ರುಮಾಲೆ ಚನ್ನಬಸವಯ್ಯ (1910–1988) ಇದೇ ಊರಿನ ಹೂಮರಗಳನ್ನು ಮತ್ತೆ ಮತ್ತೆ ಬರೆದವರು. ಮಂಜು, ಬೆಟ್ಟ ಇಷ್ಟವಿರುವವರು ಕೆ. ವೆಂಕಟಪ್ಪ (1886–1965) ಅವರ ಊಟಿ, ಕೊಡೈಕನಾಲ್ ಜಲವರ್ಣಗಳನ್ನು ನೋಡಬೇಕು. ದೂರದ್ದು ಹೇಗೆ ತೆಳುವಾಗುತ್ತಾ ಹೋಗುತ್ತದೆ ಅನ್ನುವುದಕ್ಕೆ ಬೇರೆ ಪಾಠ ಬೇಕಿಲ್ಲ.

ಹಕ್ಕಿಯೂ ಕಾಲ ಹೇಳುತ್ತದೆ. ಬೂದು ಸಿಪಿಲೆ (ಗ್ರೇ ವ್ಯಾಗ್‌ಟೇಲ್) ನಮ್ಮಲ್ಲಿಗೆ ಬರುವುದು ಚಳಿಗಾಲಕ್ಕೆ. ಅದನ್ನು ಮೇ ತಿಂಗಳ ಗುಲ್‌ಮೊಹರ್ ಕೆಳಗೆ ನಡೆಸಿದರೆ ತಿಳಿದವರು ನಗುತ್ತಾರೆ.

ಹಸಿರನ್ನು ಟ್ಯೂಬಿನಿಂದ ಹಿಂಡಿ ಹಾಗೇ ಬಳಿಯಬೇಡಿ, ಪ್ಲಾಸ್ಟಿಕ್ ಎಲೆ ಥರ ಕಾಣುತ್ತದೆ. ಹೊಂಗೆಯ ಚಿಗುರಿಗೆ ಲೆಮನ್ ಯೆಲ್ಲೋ ಜೊತೆ ಕುಂಚದ ತುದಿಯಷ್ಟು ಅಲ್ಟ್ರಾಮರೀನ್ ನೀಲಿ. ಮಳೆಗಾಲದ ಹಸಿರಿಗೆ ಇಂಡಿಗೊ, ಹಳದಿ, ಚೂರು ಬರ್ನ್ಟ್ ಸಿಯೆನ್ನಾ (ಕೆಂಗಂದು).

ಕೊನೆಯ ಚಿತ್ರ

ಹಕ್ಕಿಯ ಗೆರೆಯನ್ನು ಒಳ್ಳೆಯ ಹಾಳೆಗೆ ಮೆಲ್ಲಗೆ ಇಳಿಸಿ. ಅದರ ಸುತ್ತಲಿನ ಜಾಗ ಮಾತ್ರ ಒದ್ದೆ ಮಾಡಿ ಹಿನ್ನೆಲೆ ಹರಿಯಬಿಡಿ, ಎಲೆ ಎಣಿಸುತ್ತಾ ಕೂರಬೇಡಿ. ಹಕ್ಕಿಯ ಜಾಗ ಉಳಿಸಲು ಮಾಸ್ಕಿಂಗ್ ದ್ರವ ಹಚ್ಚುವವರಿದ್ದಾರೆ. ಅಗ್ಗದ ಹಾಳೆಯಲ್ಲಿ ಅದನ್ನು ಕೀಳುವಾಗ ಸಿಪ್ಪೆಯೂ ಎದ್ದು ಬರುತ್ತದೆ. ಸುಮ್ನೆ ಕುಂಚವನ್ನೇ ಸುತ್ತಿಸಿಕೊಂಡು ಹೋಗಿ.

ಪೂರ್ತಿ ಒಣಗಿದ ಮೇಲೆ ಹಕ್ಕಿ. ಮಡಿವಾಳದ ಕಪ್ಪಿಗೆ ಕಪ್ಪು ಟ್ಯೂಬ್ ಬೇಡ, ಅಲ್ಟ್ರಾಮರೀನ್ ಮತ್ತು ಬರ್ನ್ಟ್ ಸಿಯೆನ್ನಾ ಗಟ್ಟಿಯಾಗಿ ಕಲಸಿ. ರೆಕ್ಕೆಯ ಬಿಳಿ ಪಟ್ಟಿ ಹಾಳೆಯ ಬಿಳಿಯೇ ಆಗಿರಲಿ. ಸೂರಕ್ಕಿಯ ಗಂಟಲಿನ ಮಿಂಚಿಗೂ ಅದೇ ಉಪಾಯ: ಒಂದು ಬಿಳಿ ಚುಕ್ಕೆ ಬಿಟ್ಟು ಅದಕ್ಕೆ ತಾಗಿದಂತೆ ಕಡು ನೇರಳೆ ಇಡಿ. ಹೊಳೆಯುವ ಮೆಟಾಲಿಕ್ ಬಣ್ಣ ಹಚ್ಚಿದರೆ ಮದುವೆ ಕಾರ್ಡ್ ಆಗುತ್ತದೆ.

ಮಲೆನಾಡು, ಕರಾವಳಿಯವರಿಗೆ ಮಳೆಗಾಲದಲ್ಲಿ ಬಣ್ಣ ಒಣಗುವುದೇ ಇಲ್ಲ. ತಲೆಗೂದಲು ಒಣಗಿಸುವ ಡ್ರೈಯರನ್ನು ದೂರದಿಂದ ಹಿಡಿಯಿರಿ. ಹಾಳೆಗಳನ್ನು ಗಾಳಿಯಾಡದ ಡಬ್ಬದಲ್ಲಿ ಇಡಿ, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ. ಕಟ್ಟು ಹಾಕಿಸುವಾಗ ಮೌಂಟ್ ಬೋರ್ಡ್ ಕೇಳಿ ಹಾಕಿಸಿ, ಹಾಳೆ ಗಾಜಿಗೆ ತಾಗಬಾರದು. ಬಿಸಿಲು ಬೀಳುವ ಗೋಡೆಗೆ ತೂಗಬೇಡಿ. ಅಗ್ಗದ ಗುಲಾಬಿ ಬಣ್ಣಗಳು ಎಲ್ಲಕ್ಕಿಂತ ಬೇಗ ಮಾಸುತ್ತವೆ, ತಬೆಬುಯಾ ಬರೆಯುವವರು ಆ ಒಂದು ಟ್ಯೂಬಿಗಾದರೂ ಜಾಸ್ತಿ ದುಡ್ಡು ಕೊಡುವುದು ಒಳ್ಳೆಯದು.