ಜಪಾನಿನ ಶಾಲೆಗೆ ವಿಡಿಯೊ ಕರೆ ಮಾಡುವ ಮುನ್ನ

ಜಪಾನಿನ ಪ್ರಾಥಮಿಕ ಶಾಲೆಯ ಮಕ್ಕಳೊಂದಿಗೆ ವಿಡಿಯೊ ಕರೆ ಇಟ್ಟುಕೊಳ್ಳುವ ಶಿಕ್ಷಕರು ಮೊದಲು ಗಡಿಯಾರ ನೋಡಿ. ಅಲ್ಲಿನ ಸಮಯ ನಮಗಿಂತ ಮೂರೂವರೆ ಗಂಟೆ ಮುಂದೆ. ನಮ್ಮ ಬೆಳಿಗ್ಗೆ 10.30 ಅವರಿಗೆ ಮಧ್ಯಾಹ್ನ 2. ಬಹಳ ತಡಮಾಡಿದರೆ ಅವರ ಮಕ್ಕಳು ಮನೆಗೆ ಹೊರಟಿರುತ್ತಾರೆ. ಆಗಸ್ಟ್‌ನಲ್ಲಿ ಅಲ್ಲಿ ಬೇಸಿಗೆ ರಜೆ, ಅದನ್ನು ಬಿಟ್ಟುಬಿಡಿ.

ಸ್ವಾಗತ ಭಾಷಣ ಬೇಡವೇ ಬೇಡ, ಎರಡೂ ಕಡೆ ಮಕ್ಕಳು ಆಕಳಿಸುತ್ತಾರೆ. ಊಟದ ವಿಷಯ ಎತ್ತಿ. ಅಲ್ಲಿ ಮಕ್ಕಳೇ ಬಿಳಿ ಟೋಪಿ, ಏಪ್ರನ್ ತೊಟ್ಟು ತರಗತಿಯಲ್ಲಿ ಸಹಪಾಠಿಗಳಿಗೆ ಬಡಿಸುತ್ತಾರೆ. ನಮ್ಮವರು ಬಿಸಿಯೂಟಕ್ಕೆ ತಟ್ಟೆ ಹಿಡಿದು ಸಾಲು ನಿಲ್ಲುವುದನ್ನು ಹಿಂದಿನ ದಿನವೇ ಚಿತ್ರೀಕರಿಸಿಟ್ಟುಕೊಂಡು ತೋರಿಸಿ. ಚೌಕಾಬಾರದ ಕವಡೆಯನ್ನು ಕ್ಯಾಮೆರಾದ ಹತ್ತಿರವೇ ಉರುಳಿಸಿ. ಆಟಕ್ಕೆ ದುಭಾಷಿ ಬೇಕಿಲ್ಲ.

ಹಾಂ, ಒಂದೇ ಕೋಣೆಯಲ್ಲಿ ಎರಡು ಮೊಬೈಲ್‌ಗಳಿಂದ ಸೇರಿಕೊಳ್ಳಬೇಡಿ. ಧ್ವನಿ ಮಾರ್ದನಿಸಿ ಎಲ್ಲರೂ ಕಿವಿ ಮುಚ್ಚಿಕೊಳ್ಳಬೇಕಾಗುತ್ತದೆ.